ಕರಸ್ಥಲದ ಕನ್ನಡಿ

ಕೀಟ-ಭ್ರಮರ ನ್ಯಾಯವನ್ನು ಕೇಳದ ವಾಚಕರು ಈ ಪತ್ರಿಕೆಗೆ ವಿರಳ. ಭ್ರಮರವು ಕೀಟವೊಂದನ್ನು ತಂದು ಗೂಡಿನಲ್ಲಿ ಕೂಡಿಡುತ್ತದೆ. ಕೀಟವು ಎಡೆಬಿಡದೆ ಭ್ರಮರವನ್ನೇ ನೆನೆದು ನೆನೆದು ಕೊನೆಗೆ ತಾನೂ ಭ್ರಮರವಾಗಿ ಹಾರಿಹೋಗುತ್ತದೆ. ನೋಟವು ನೋಡುವವನನ್ನೇ ಮಾರ್ಪಡಿಸುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವಿಲ್ಲವೆಂದು ಗುರುಕುಲದಲ್ಲಿ ನಾವು ಕಲಿತೆವು. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಪ್ರಾಣಿಶಾಸ್ತ್ರದ ಮಿತ್ರರೊಬ್ಬರು ನಕ್ಕು ಬೇರೊಂದು ಮಾತನ್ನು ಹೇಳಿದರು. ಕಣಜವು ಹುಳುವನ್ನು ಕುಟುಕಿ ಗೂಡಿಗೆ ತರುವುದು ತನ್ನ ಮರಿಯ ಆಹಾರಕ್ಕಾಗಿ. ಮರಿಯು ಹುಳುವನ್ನು ತಿಂದು, ಬೆಳೆದು, ಹೊರಗೆ ಹಾರುತ್ತದೆ. ಹುಳು ಎಲ್ಲಿಯೂ ಹಾರುವುದಿಲ್ಲ. ಹಾಗಾದರೆ ಧ್ಯಾನಿಸಿದ್ದು ಭ್ರಮರವಾಯಿತೆ, ಭ್ರಮರಕ್ಕೆ ತುತ್ತಾಯಿತೆ? ಅಂದು ವಿನೋದವಾಗಿ ಕಂಡ ಈ ಪ್ರಶ್ನೆ ಇಂದು ವಿನೋದವಾಗಿ ಉಳಿದಿಲ್ಲ.

ವಾಚಕ ಮಹಾಶಯರೆ, ನಮ್ಮ ಸಂಪ್ರದಾಯದಲ್ಲಿ ಎಡದ ಅಂಗೈಗೆ ಒಂದು ವಿಶೇಷ ಸ್ಥಾನವುಂಟು. ಅದು ಇಷ್ಟಲಿಂಗಕ್ಕೆ ಪೀಠವಾಗುವ ಕರಸ್ಥಲ. ಅಲ್ಲಿ ನೆಲೆಗೊಂಡ ಲಿಂಗವನ್ನು ಎವೆಯಿಕ್ಕದೆ ನೋಡುತ್ತ ನೋಡುತ್ತ, ಹೊರಗೆ ಹರಿಯುವ ದೃಷ್ಟಿಯನ್ನು ಒಳಮುಖವಾಗಿಸಿಕೊಳ್ಳುವುದೇ ಲಿಂಗಪೂಜೆಯ ಮರ್ಮ. ಈಗ ಅದೇ ಅಂಗೈಯಲ್ಲಿ ಮೊಬೈಲು ಬಂದು ಕುಳಿತಿದೆ. ಅದನ್ನೂ ಎವೆಯಿಕ್ಕದೆ ನೋಡುತ್ತೇವೆ: ಬೆಳಗ್ಗೆ ಎದ್ದೊಡನೆ, ರಾತ್ರಿ ಮಲಗುವ ಮುನ್ನ, ಊಟದ ನಡುವೆ, ಮಾತಿನ ನಡುವೆ. ಫೇಸ್‌ಬುಕ್ಕು 'ಲೈಕ್' ಗುಂಡಿಯನ್ನು ತಂದದ್ದು 2009ರಲ್ಲಿ. ಇನ್‌ಸ್ಟಾಗ್ರಾಂ ಹುಟ್ಟಿದ್ದು 2010ರಲ್ಲಿ. 2020ರ ಜೂನ್ ತಿಂಗಳಲ್ಲಿ ಭಾರತ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿತು, ಮರುತಿಂಗಳೇ ಆ ತೆರವಾದ ಸ್ಥಳಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂದಿತು. ಇಷ್ಟು ಎಳೆಯ ವಯಸ್ಸಿನ ಈ ಸಾಮಾಜಿಕ ಜಾಲತಾಣಗಳು ನಮ್ಮ ಮಕ್ಕಳ ದೇಹದ ತೂಕವನ್ನೂ ಅಭ್ಯಾಸಗಳನ್ನೂ ಸಂಬಂಧಗಳನ್ನೂ ಏನು ಮಾಡುತ್ತಿವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಆಧಾರವಾಗಿ ಒಂದು ಸಲಹಾಪತ್ರವನ್ನು ಎತ್ತಿಕೊಳ್ಳುತ್ತೇವೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು 2023ರ ಮೇ 23ರಂದು ಇದನ್ನು ಹೊರಡಿಸಿದರು. ಇವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಅಭಿಮಾನವು ವಿಮರ್ಶೆಗೆ ಅಡ್ಡಬರಬಾರದು. ಪತ್ರದ ವಸ್ತು, ಸಾಮಾಜಿಕ ಜಾಲತಾಣ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ, ಆತಂಕ ಮೊದಲಾದವುಗಳ ಅಪಾಯ ಇಮ್ಮಡಿಯೆಂದು ಅದು ಎಚ್ಚರಿಸುತ್ತದೆ. 13ರಿಂದ 17 ವರ್ಷದವರನ್ನು ಅವರ ದೇಹದ ಬಗ್ಗೆ ಕೇಳಿದಾಗ ಶೇ. 46 ಮಂದಿ ಜಾಲತಾಣದಿಂದ ತಮ್ಮ ದೇಹದ ಬಗ್ಗೆ ತಮಗೆ ಕೀಳುಭಾವನೆ ಹೆಚ್ಚಿತೆಂದರು, ಮೇಲಾಯಿತೆಂದವರು ಶೇ. 14 ಮಾತ್ರ. ಪತ್ರವು ಏಕಪಕ್ಷೀಯವಾಗಿಲ್ಲ. ಜಾಲತಾಣದಿಂದ ಗೆಳೆಯರ ಬಾಳಿನೊಂದಿಗೆ ಹೆಚ್ಚು ಬೆಸೆದುಕೊಂಡಂತಾಯಿತೆಂದು ಹೇಳಿದವರು ಶೇ. 80 ಎಂಬುದನ್ನೂ ಅದು ಮುಚ್ಚಿಡದೆ ಹೇಳುತ್ತದೆ. ವೈದ್ಯನಿಗೆ ಒಪ್ಪುವ ಈ ಸಮತೂಕವನ್ನು ಮೆಚ್ಚಲೇಬೇಕು.

ಆದರೆ ಪತ್ರವನ್ನು ಓದಿ ಮುಗಿಸಿದಾಗ ಒಂದು ಕೊರತೆ ಉಳಿಯುತ್ತದೆ. ಅದರ ಒತ್ತೆಲ್ಲ ಪ್ರಮಾಣದ ಮೇಲೆ: ಎಷ್ಟು ಗಂಟೆ, ಎಷ್ಟು ಸಲ, ಎಷ್ಟನೆಯ ವಯಸ್ಸು. ಏನನ್ನು ನೋಡುತ್ತಾರೆಂಬುದನ್ನು ಅದು ಬಿಟ್ಟಿಲ್ಲ. ಯಾವ ಭಾವದಿಂದ ನೋಡುತ್ತಾರೆಂಬುದು ಮಾತ್ರ ಗಂಟೆಗಳ ಲೆಕ್ಕದಲ್ಲಿ ಮಸುಕಾಗಿದೆ. ಇದನ್ನು ಸ್ಪಷ್ಟಪಡಿಸಲು ಜಾಲತಾಣಗಳು ಹುಟ್ಟುವುದಕ್ಕೆ ಮುಂಚಿನ ಒಂದು ನಿದರ್ಶನವನ್ನು ಕೊಡುತ್ತೇವೆ.

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ನಾಡ್ರೋಗಾ ಎಂಬ ಪ್ರಾಂತವಿದೆ. ಅಲ್ಲಿಯ ಮೂಲನಿವಾಸಿಗಳಿಗೆ ತುಂಬಿದ ಮೈಯೇ ಚೆಲುವು, ಚೆನ್ನಾಗಿ ಉಣ್ಣುವುದೇ ಆರೋಗ್ಯ. ಒಬ್ಬರು ಸೊರಗಿದರೆ ಅದು ಅವರ ಒಬ್ಬರ ವಿಷಯವಲ್ಲ. ಬಂಧುಬಳಗ ಅವರನ್ನು ಸರಿಯಾಗಿ ನೋಡಿಕೊಂಡಿಲ್ಲವೆಂಬ ಆಕ್ಷೇಪಕ್ಕೆ ಅದು ಕಾರಣ. ದೇಹದ ತೂಕವೆಂದರೆ ಸಂಬಂಧಗಳ ತೂಕ. ನಮ್ಮ ಹಳ್ಳಿಯ ಅಜ್ಜಿ ಬಾಗಿಲಲ್ಲೇ ನಿಂತು "ಯಾಕಪ್ಪಾ, ಇಷ್ಟು ಸೊರಗಿದ್ದೀಯಲ್ಲ" ಎಂದು ಕೇಳುವುದರಲ್ಲಿ ಇದೇ ತತ್ತ್ವವಿದೆ. 1995ರಲ್ಲಿ ಆ ಪ್ರಾಂತಕ್ಕೆ ದೂರದರ್ಶನ ಬಂದಿತು. ಅಮೆರಿಕದ ವಿದ್ವಾಂಸೆ ಆನ್ ಬೆಕರ್ ಅವರು ಅದೇ ವರ್ಷ ಮತ್ತು ಪುನಃ 1998ರಲ್ಲಿ ಅಲ್ಲಿಯ ಶಾಲಾಬಾಲಿಕೆಯರನ್ನು ಪರೀಕ್ಷಿಸಿದರು. ಆಹಾರದ ಬಗ್ಗೆ ವಿಕೃತವಾದ ಮನೋಭಾವದ ಲಕ್ಷಣಗಳುಳ್ಳವರು ಶೇ. 12.7 ಇದ್ದದ್ದು ಶೇ. 29.2ಕ್ಕೆ ಏರಿತ್ತು. ತೂಕ ಇಳಿಸಲೆಂದು ಉಂಡದ್ದನ್ನು ತಾವಾಗಿಯೇ ವಾಂತಿ ಮಾಡುವವರು ಮೊದಲು ಒಬ್ಬರೂ ಇರಲಿಲ್ಲ. ಮೂರೇ ವರ್ಷಗಳಲ್ಲಿ ಶೇ. 11.3 ಆಗಿದ್ದರು. ಅಂಗೈಯಲ್ಲಿ ಮೊಬೈಲು ಇಲ್ಲದ ಕಾಲವದು. ಆ ಹೆಣ್ಣುಮಕ್ಕಳ ಮುಂದೆ ಬಂದದ್ದು ಒಂದು ಹೊಸ ಅಳತೆಗೋಲು. ಅಜ್ಜಿಯ ಕಣ್ಣಿನಿಂದ ತಮ್ಮನ್ನು ಅಳೆದುಕೊಳ್ಳುತ್ತಿದ್ದವರು ಅಪರಿಚಿತರ ಕಣ್ಣಿನಿಂದ ಅಳೆದುಕೊಳ್ಳತೊಡಗಿದರು.

ಇಂದು ಆ ಅಪರಿಚಿತರ ಕಣ್ಣು ಪ್ರತಿಯೊಬ್ಬರ ಅಂಗೈಗೂ ಬಂದಿದೆ. ಬರಿದೇ ನೋಡುವುದಲ್ಲದೆ ಮೆಚ್ಚುಗೆಯನ್ನು ಎಣಿಸಿಯೂ ಕೊಡುತ್ತದೆ. ಇನ್‌ಸ್ಟಾಗ್ರಾಮಿನ ಒಡೆತನದ ಸಂಸ್ಥೆಯ ಒಳಗಿನ ಅಧ್ಯಯನಗಳು 2021ರ ಸೆಪ್ಟೆಂಬರಿನಲ್ಲಿ ಬಹಿರಂಗವಾದವು. ಅಲ್ಲಿಯ ನೌಕರಳಾಗಿದ್ದ ಫ್ರಾನ್ಸಿಸ್ ಹಾಗೆನ್ ಅವುಗಳನ್ನು ಹೊರಗೆ ತಂದವಳು. ದೇಹದ ಬಗ್ಗೆ ಹದಿಹರೆಯದ ಹುಡುಗಿಯರಿಗಿರುವ ಕೊರಗು ಮೂವರಲ್ಲಿ ಒಬ್ಬಳಿಗೆ ತಮ್ಮಿಂದ ಹೆಚ್ಚುತ್ತಿದೆಯೆಂದು ಸಂಸ್ಥೆಯವರೇ ಬರೆದುಕೊಂಡಿದ್ದರು. ಅದಕ್ಕೆ ಹಾಗೆ ಅರ್ಥಮಾಡುವುದು ಸರಿಯಲ್ಲವೆಂದು ಸಂಸ್ಥೆ ವಾದಿಸಿತು. ವಾದವೇನೇ ಇರಲಿ, ಪ್ರಶ್ನೆ ಅವರ ಮೇಜಿನ ಮೇಲೆ ಇತ್ತೆಂಬುದು ನಿಶ್ಚಯ. ಅಕ್ಕಮಹಾದೇವಿ ಒಬ್ಬ ಕೌಶಿಕನ ನೋಟವನ್ನು ಧಿಕ್ಕರಿಸಿ ಹೊರಟಳು. ಇಂದಿನ ಬಾಲಕಿಯ ಮೇಲೆ ಎರಗುವ ನೋಟಕ್ಕೆ ಹೆಸರಿಲ್ಲ, ಮುಖವಿಲ್ಲ, ಲೆಕ್ಕವಿಲ್ಲ. ಅವಳು ಯಾರನ್ನು ಧಿಕ್ಕರಿಸಬೇಕು?

ಸೊರಗುವುದು ಒಂದು ತುದಿಯಾದರೆ ಅತಿಯಾಗಿ ತಿನ್ನುವುದು ಇನ್ನೊಂದು ತುದಿ. ರಾಶಿ ಆಹಾರವನ್ನು ಎದುರಿಗಿಟ್ಟುಕೊಂಡು ಕ್ಯಾಮೆರಾದ ಮುಂದೆ ತಿನ್ನುವ 'ಮುಕ್‌ಬಾಂಗ್' ಎಂಬ ಪ್ರದರ್ಶನ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಜಗತ್ತಿಗೆ ಹಬ್ಬಿದೆ. ಆ ಪದಕ್ಕೆ ತಿನ್ನುವ ಪ್ರಸಾರವೆಂದೇ ಅರ್ಥ. 2018ರಲ್ಲಿ ಅಲ್ಲಿಯ ಸರ್ಕಾರವು ಬೊಜ್ಜು ನಿವಾರಣೆಯ ಯೋಜನೆಯಲ್ಲಿ ಇದಕ್ಕೂ ಮಾರ್ಗಸೂಚಿ ಬೇಕೆಂದಾಗ ಜನರು ಪ್ರತಿಭಟಿಸಿದರು. ಚೀನಾ 2021ರ ಏಪ್ರಿಲಿನಲ್ಲಿ ಆಹಾರ ಪೋಲು ತಡೆಯುವ ಕಾನೂನು ಮಾಡಿ ಇಂಥ ಪ್ರಸಾರಕ್ಕೆ ಒಂದು ಲಕ್ಷ ಯುವಾನ್‌ವರೆಗೆ ದಂಡ ವಿಧಿಸಿತು. ಆದರೂ ಜನ ಅದನ್ನು ನೋಡುವುದೇಕೆ? ಒಂಟಿಯಾಗಿ ಕುಳಿತು ಉಣ್ಣುವವರಿಗೆ ಎದುರಿನಲ್ಲಿ ಉಣ್ಣುವ ಒಂದು ಮುಖ ಬೇಕಾಗಿದೆ. ಪಂಕ್ತಿಯನ್ನು ಕಳೆದುಕೊಂಡ ಮನುಷ್ಯ ಪಂಕ್ತಿಯ ಚಿತ್ರವನ್ನು ಕೊಂಡುಕೊಳ್ಳುತ್ತಿದ್ದಾನೆ. ಡಾ. ಮೂರ್ತಿಯವರು ಅದೇ 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆಯೂ ಒಂದು ಸಲಹಾಪತ್ರ ಹೊರಡಿಸಿದ್ದರು. ಎರಡನ್ನೂ ಒಟ್ಟಿಗೆ ಓದಿದವರಿಗೆ ರೋಗ ಎರಡಲ್ಲ, ಒಂದೇ ಎಂದು ತೋರದಿರದು.

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಧಿಕ ತೂಕದ ಸ್ತ್ರೀಯರು 2015-16ರಲ್ಲಿ ಶೇ. 20.6 ಇದ್ದವರು 2019-21ರಲ್ಲಿ ಶೇ. 24 ಆದರು, ಅದೇ ಸಮೀಕ್ಷೆಯಲ್ಲಿ ಇರಬೇಕಾದುದಕ್ಕಿಂತ ಕೃಶರಾದ ಸ್ತ್ರೀಯರೂ ಶೇ. 18.7 ಇದ್ದರು. ಎಣ್ಣೆ, ಸಕ್ಕರೆ, ಕುಳಿತೇ ಮಾಡುವ ಉದ್ಯೋಗ, ಬಡತನ ಇವೆಲ್ಲವುಗಳ ಪಾಲು ಇದರಲ್ಲಿದೆ. ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹಸಿದದ್ದು ಯಾವಾಗ, ತುಂಬಿದ್ದು ಯಾವಾಗ ಎಂಬುದನ್ನು ಅರಿಯುವ ಒಳಗಿನ ಎಚ್ಚರವನ್ನು ಅದು ಕೆಡಿಸುತ್ತದೆಂಬುದು ನಮ್ಮ ವಾದ. ಪಂಕ್ತಿಯಲ್ಲಿ ಬಡಿಸುವವರು "ಇನ್ನಷ್ಟು" ಎನ್ನುತ್ತಾರೆ, ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎನ್ನುತ್ತಾರೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಪ್ರವಚನಕ್ಕೆ ಮಂಗಳವಿದೆ. ಎಷ್ಟು ಸರಿಸಿದರೂ ಮುಗಿಯದ ಪರದೆಯನ್ನು 2006ರಲ್ಲಿ ರೂಪಿಸಿದ ಏಜ಼ಾ ರಾಸ್ಕಿನ್ ಎಂಬ ತಂತ್ರಜ್ಞರು ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. 'ಸಾಕು' ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ಅಭ್ಯಾಸ ಕೆಡುವುದೆಂದರೆ ಇದೇ.

ಇಷ್ಟು ಬರೆದ ಮೇಲೆ ನಮ್ಮ ತಪ್ಪೊಂದನ್ನು ಹೇಳದಿದ್ದರೆ ಈ ವಿಮರ್ಶೆ ಪರೋಪದೇಶವಾಗಿ ಮುಗಿದೀತು. ನಮ್ಮ ಮಠದ ಪ್ರಸಾದ ನಿಲಯದಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯಿದ್ದಳು. ಸೋಮವಾರ ಉಪವಾಸವೆಂದಳು, ಬಳಿಕ ಗುರುವಾರವೂ ಎಂದಳು, ಶ್ರಾವಣದಲ್ಲಿ ಒಂದೇ ಹೊತ್ತು ಎಂದಳು. ನಾವು ಸಂತೋಷಪಟ್ಟು ಒಂದು ಸಂಜೆ ಎಲ್ಲ ಮಕ್ಕಳ ಮುಂದೆ ಅವಳ ನಿಷ್ಠೆಯನ್ನು ಹೊಗಳಿದೆವು. ಶ್ರಾವಣ ಕಳೆದರೂ ವ್ರತ ಮುಗಿಯಲಿಲ್ಲ. ಒಂದು ಬೆಳಗ್ಗೆ ಪ್ರಾರ್ಥನೆಯ ವೇಳೆ ಆಕೆ ತಲೆಸುತ್ತಿ ಬಿದ್ದಾಗ ವೈದ್ಯರಿಂದ ಸತ್ಯ ತಿಳಿಯಿತು. ಅದು ವ್ರತವಾಗಿರಲಿಲ್ಲ. ಮೊಬೈಲಿನಲ್ಲಿ ಯಾರೋ ಕೃಶಾಂಗಿಯರು ತಾವು ದಿನವಿಡೀ ತಿನ್ನುವ ನಾಲ್ಕು ತುತ್ತನ್ನು ತೋರಿಸುತ್ತಿದ್ದರು. ಇವಳು ಅದಕ್ಕಿಂತ ಒಂದು ತುತ್ತು ಕಡಿಮೆ ತಿನ್ನಲು ಹಟ ಹಿಡಿದಿದ್ದಳು. ತಿಂಗಳುಗಳ ಚಿಕಿತ್ಸೆಯ ನಂತರ ಚೇತರಿಸಿಕೊಂಡ ಆ ಮಗು ನಮ್ಮೊಡನೆ ಹೇಳಿದ್ದು ಇಷ್ಟೇ: "ನೀವು ಎಲ್ಲರ ಮುಂದೆ ಹೊಗಳಿದಿರಿ ಬುದ್ಧೀ. ಆಮೇಲೆ ಬಿಡೋದಕ್ಕೆ ಆಗಲಿಲ್ಲ."

ವಾಚಕರೆ, ನಾವು ಜಾಲತಾಣವನ್ನು ಅಂದಿನವರೆಗೆ ಮುಟ್ಟಿರಲಿಲ್ಲ. ಆದರೂ ಆ ಮಗುವಿನ ಹಸಿವಿಗೆ ನಾವೂ ಒಂದು 'ಲೈಕ್' ಒತ್ತಿದ್ದೆವು. ಉಪವಾಸವೆಂದರೆ ಶಿವನ ಸಮೀಪದಲ್ಲಿ ವಾಸ. ತನ್ನ ದೇಹವನ್ನು ದ್ವೇಷಿಸಿ ಮಾಡುವ ಲಂಘನ ಉಪವಾಸವಾಗಲಾರದು. ದೇಹವನ್ನು ದೇಗುಲವೆಂದು ಕಂಡ ಬಸವಣ್ಣನವರ ಪರಂಪರೆಯಲ್ಲಿ ಕುಳಿತು ಈ ವ್ಯತ್ಯಾಸವನ್ನು ನಾವು ಗುರುತಿಸದೇ ಹೋದೆವು. ಪ್ರಸಾದವನ್ನು ಕೊಂಡ ಕಾಯವು ಪ್ರಸಾದಕಾಯವೆಂದು ಪ್ರತಿದಿನ ಬೋಧಿಸುವ ನಾವು ಆ ಕಾಯ ಎದುರಿಗೇ ಕರಗುತ್ತಿದ್ದುದನ್ನು ಕಾಣಲಿಲ್ಲ. ಅಜ್ಜಿಯ ಕಣ್ಣು ನಮಗೆ ಇರಲಿಲ್ಲ. ಪ್ರಸಾದ ನಿಲಯದ ಅಡುಗೆಯ ತಾಯಿಯೊಬ್ಬರು "ಮಗು ಸೊರಗುತ್ತಿದೆ" ಎಂದು ಎರಡು ಸಲ ಹೇಳಿದ್ದರು, ನಾವು ಕಿವಿಗೊಟ್ಟಿರಲಿಲ್ಲ.

ಮಠಗಳ ಮಾತಿಗೆ ಬಂದರೆ, ಇಂದು ಲಿಂಗಪೂಜೆಯೂ ದಾಸೋಹವೂ ಕ್ಯಾಮೆರಾದ ಮುಂದೆಯೇ ನಡೆಯುತ್ತಿವೆ. ಪ್ರಸಾದವನ್ನು ಲಿಂಗಕ್ಕೆ ಅರ್ಪಿಸುವ ಮೊದಲು ಮೊಬೈಲಿಗೆ ಅರ್ಪಿಸುವ ಭಕ್ತರನ್ನು ಕಾಣುತ್ತೇವೆ. ನಮ್ಮ ಪ್ರವಚನವನ್ನು ಇಷ್ಟು ಸಾವಿರ ಜನ ನೋಡಿದರೆಂದು ಶಿಷ್ಯರು ಬಂದು ತಿಳಿಸಿದಾಗ ನಮ್ಮ ಮನಸ್ಸೂ ಹಿಗ್ಗಿದ್ದುಂಟು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮಕ್ಕಳ ಚಟವನ್ನು ಬೈಯುವ ಹಿರಿಯರೆಲ್ಲ ಮೊದಲು ತಮ್ಮ ಕರಸ್ಥಲವನ್ನು ನೋಡಿಕೊಳ್ಳಬೇಕು.

2024ರ ಜೂನ್ ತಿಂಗಳಲ್ಲಿ ಡಾ. ಮೂರ್ತಿಯವರು ಸಿಗರೇಟಿನ ಪೊಟ್ಟಣದ ಮೇಲಿರುವಂತೆ ಜಾಲತಾಣಗಳ ಮೇಲೂ ಎಚ್ಚರಿಕೆಯ ಮಾತು ಇರಬೇಕೆಂದರು. ಆಸ್ಟ್ರೇಲಿಯಾ ದೇಶವು 16 ವರ್ಷದೊಳಗಿನವರು ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ಇವು ಬೇಕು, ವ್ಯಾಪಾರಿಯ ಮೇಲೆ ಹೊಣೆ ಹೊರಿಸದೆ ಮಗುವಿನ ಮೇಲೆ ಮಾತ್ರ ನೀತಿ ಹೇರುವುದು ಅಧರ್ಮ. ಆದರೆ ಎಚ್ಚರಿಕೆಯ ಚೀಟಿ "ನೋಡಬೇಡ" ಎನ್ನಬಲ್ಲುದೇ ಹೊರತು "ಹೀಗೆ ನೋಡು" ಎನ್ನಲಾರದು. ಅದನ್ನು ಕಲಿಸುವುದು ಮನೆಯ ಕೆಲಸ, ಮಠದ ಕೆಲಸ. ಅದೇ ಸಲಹಾಪತ್ರದಲ್ಲಿ ಒಂದು ಸಣ್ಣ ಸೂಚನೆಯಿದೆ: ಮನೆಮಂದಿ ಕೂಡಿ ಉಣ್ಣುವಾಗ ಮೊಬೈಲು ಬೇಡ. ಇಡೀ ಪತ್ರದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಮಾತು ಇದು. ಅದು ದಾಸೋಹದ ಪಂಕ್ತಿಯೇ ತಾನೆ?

ನಮ್ಮ ಪ್ರಸಾದ ನಿಲಯದ ಬಾಗಿಲಲ್ಲಿ ಈಗ ಒಂದು ಬಿದಿರಿನ ಬುಟ್ಟಿಯಿದೆ. ಪಾಠಕ್ಕೆ ಬೇಕಾದುದರಿಂದ ಮೊಬೈಲನ್ನು ನಿಷೇಧಿಸಿಲ್ಲ. ಪಂಕ್ತಿಗೆ ಬರುವಾಗ ಅದು ಬುಟ್ಟಿಯಲ್ಲಿರಬೇಕು. ಮೊದಲು ಬೀಳುವುದು ನಮ್ಮದು, ಅನಂತರ ಮೇಲ್ವಿಚಾರಕರದು, ಆಮೇಲೆ ಮಕ್ಕಳದು. ಯಾರು ಎಷ್ಟು ಉಂಡರೆಂದು ನಾವು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಎಲ್ಲರ ಮುಖವನ್ನು ಒಮ್ಮೆ ನೋಡುತ್ತೇವೆ. ಅಡುಗೆಯ ತಾಯಿ ಏನಾದರೂ ಹೇಳಿದರೆ ಅಂದೇ ವಿಚಾರಿಸುತ್ತೇವೆ. ಇದರಿಂದ ಲೋಕ ಬದಲಾಯಿತೆಂದು ಹೇಳಲಾರೆವು. ಮೊದಲ ವಾರ ಊಟದ ಮನೆಯಲ್ಲಿ ಮೌನವಿತ್ತು. ಪಕ್ಕದವರೊಡನೆ ಏನು ಮಾತಾಡಬೇಕೆಂಬುದೇ ಮಕ್ಕಳಿಗೆ ಮರೆತುಹೋಗಿತ್ತು. ಈಗ ಗದ್ದಲ ಹೆಚ್ಚೆಂದು ಮೇಲ್ವಿಚಾರಕರು ದೂರು ತರುತ್ತಾರೆ.

ಗೂಡಿನೊಳಗಿನ ಕೀಟ ಭ್ರಮರವಾಗುವುದೋ ಭ್ರಮರಕ್ಕೆ ಆಹಾರವಾಗುವುದೋ ಎಂಬುದನ್ನು ನಿರ್ಧರಿಸುವ ಶಕ್ತಿ ಕೀಟಕ್ಕಿಲ್ಲ. ಮನುಷ್ಯನಿಗೆ ಉಂಟು, ಅಂಗೈಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಯಾವಾಗ ಕೆಳಗಿಡಬೇಕು ಎಂಬುದು ಅವನ ಕೈಯಲ್ಲೇ ಇದೆ. ನಿಮ್ಮ ಮನೆಯಲ್ಲಿ ಈ ರಾತ್ರಿ ಊಟಕ್ಕೆ ಕುಳಿತಾಗ ಮೊಬೈಲನ್ನು ದೂರವಿಟ್ಟು ಮಕ್ಕಳ ಮುಖವನ್ನು ನಿಧಾನವಾಗಿ ನೋಡಿರಿ. ಯಾರಾದರೂ ಸೊರಗಿದ್ದರೆ ನಿಮಗೇ ತಿಳಿಯುತ್ತದೆ.