ಮಧ್ಯಸ್ಥಿಕೆಯ ಕಾನೂನು ಮತ್ತು ಸಮ್ಮತಿಯ ಪ್ರಶ್ನೆ

ನ್ಯಾಯಾಲಯದ ಹೊರಗೆ ವ್ಯಾಜ್ಯಗಳನ್ನು ತೀರ್ಮಾನಿಸುವ ಇಂದಿನ ಮಧ್ಯಸ್ಥಿಕೆಯು ನಮ್ಮ ಪ್ರಾಚೀನ ಪಂಚಾಯಿತಿಯ ಹೊಸ ರೂಪವೇ ಎಂಬ ಮಾತನ್ನು ಕಾನೂನಿನ ಗ್ರಂಥಗಳ ಪೀಠಿಕೆಗಳಲ್ಲಿ ಪದೇ ಪದೇ ಕಾಣುತ್ತೇವೆ. ಅಭಿಮಾನಕ್ಕೆ ಹಿತವಾದ ಈ ಮಾತು ಇತಿಹಾಸದ ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನೂ, ಅದನ್ನು ನಂಬಿದಾಗ ಕಾನೂನಿನ ಸುಧಾರಣೆಯಲ್ಲಿ ಯಾವ ಅಂಶವು ಕಣ್ಮರೆಯಾಗುವುದೆಂಬುದನ್ನೂ ಇಲ್ಲಿ ವಿಚಾರಿಸಬಹುದು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು, ಯಾಜ್ಞವಲ್ಕ್ಯ ಸ್ಮೃತಿಯನ್ನು ಅನುಸರಿಸಿ, ಕುಲ, ಶ್ರೇಣಿ, ಪೂಗಗಳೆಂಬ ಮೂರು ನಿರ್ಣಯಸಭೆಗಳನ್ನು ವಿವರಿಸುತ್ತದೆ. ಕುಲವೆಂದರೆ ಬಂಧುವರ್ಗ, ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ, ಪೂಗವೆಂದರೆ ಒಂದೇ ಸ್ಥಳದಲ್ಲಿ ನೆಲೆಸಿದ ನಾನಾ ಜಾತಿ, ನಾನಾ ವೃತ್ತಿಗಳವರ ಸಮೂಹ. ಇವುಗಳ ಮೇಲೆ ರಾಜನು ನಿಯಮಿಸಿದ ಅಧಿಕಾರಿಗಳಿದ್ದರು. ಈ ಸಭೆಗಳ ಅಧಿಕಾರವು ಮನುಷ್ಯನ ಹುಟ್ಟು, ಕಸುಬು, ವಾಸಸ್ಥಾನಗಳಿಂದ ಬಂದುದೇ ಹೊರತು ಅವನು ಮಾಡಿಕೊಂಡ ಕರಾರಿನಿಂದ ಬಂದುದಲ್ಲ. ಇಂದಿನ ಮಧ್ಯಸ್ಥಗಾರನಿಗಾದರೋ ಪಕ್ಷಗಾರರ ಕರಾರೇ ಅಧಿಕಾರದ ಮೂಲ. ಆದುದರಿಂದ ಇವೆರಡನ್ನೂ ಒಂದೇ ವಂಶವೃಕ್ಷದಲ್ಲಿ ಸೇರಿಸುವುದು ಅವಸರದ ಮಾತಾಗುತ್ತದೆ.

ಮರಾಠರ ಆಡಳಿತದ ಪಂಚಾಯಿತಿಗಳಲ್ಲಿ ಪಕ್ಷಗಾರರಿಂದ ಒಪ್ಪಿಗೆಯ ಪತ್ರವನ್ನು ಬರೆಯಿಸಿಕೊಳ್ಳುವ ಪದ್ಧತಿಯಿತ್ತಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಆದರೆ ಆ ಒಪ್ಪಿಗೆಯನ್ನು ಕೊಡುತ್ತಿದ್ದುದು ಜಗಳವು ಹುಟ್ಟಿದ ಮೇಲೆ, ಪಂಚರು ಯಾರೆಂಬುದನ್ನು ತಿಳಿದು. ಇಂದಾದರೆ ಗುತ್ತಿಗೆಯ ಅಚ್ಚಾದ ನಮೂನೆಯಲ್ಲಿಯೇ ಮಧ್ಯಸ್ಥಿಕೆಯ ಷರತ್ತು ಅಡಗಿರುತ್ತದೆ. ಜಗಳದ ಸುಳಿವೂ ಇಲ್ಲದಾಗ ಗುತ್ತಿಗೆದಾರನು ಅದಕ್ಕೆ ರುಜು ಹಾಕುತ್ತಾನೆ. ಇತಿಹಾಸದಿಂದ ದೊರೆಯುವ ನಿಜವಾದ ಪಾಠ ಇಲ್ಲಿದೆ: ಸಮ್ಮತಿಯು ಇದೆಯೇ ಎಂಬುದಷ್ಟೇ ಅಲ್ಲ, ಅದು ಯಾವಾಗ, ಯಾವ ಸ್ಥಿತಿಯಲ್ಲಿ ದೊರೆಯಿತೆಂಬುದೂ ಮುಖ್ಯ.

ಬ್ರಿಟಿಷರ ಕಾಲದ ಶಾಸನಗಳು ಈ ಪ್ರಶ್ನೆಗಿಂತ ನ್ಯಾಯಾಲಯದ ಹತೋಟಿಗೆ ಹೆಚ್ಚು ಗಮನ ಕೊಟ್ಟವು. 1899ರ ಕಾಯಿದೆಯು ಮುಖ್ಯವಾಗಿ ಪ್ರೆಸಿಡೆನ್ಸಿ ನಗರಗಳಿಗೆ ಅನ್ವಯಿಸುವಂಥದಾಗಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎರಡನೆಯ ಅನುಸೂಚಿಯು ಉಳಿದೆಡೆಗೆ ನಿಯಮಗಳನ್ನು ಒದಗಿಸಿತು. 1940ರ ಕಾಯಿದೆಯು ಇವನ್ನು ಒಂದುಗೂಡಿಸಿತು. ಆದರೆ ಅದರಂತೆ ಮಧ್ಯಸ್ಥಗಾರನ ತೀರ್ಪನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಡಿಕ್ರಿ ಪಡೆಯಬೇಕಾಗಿತ್ತು. ಹೊರಗೆ ಮುಗಿಯಬೇಕಾದ ವ್ಯಾಜ್ಯವು ಮರಳಿ ನ್ಯಾಯಾಲಯದ ಬಾಗಿಲಿಗೇ ಬರುತ್ತಿತ್ತು. 1981ರ ಗುರುನಾನಕ್ ಫೌಂಡೇಷನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ದುಃಸ್ಥಿತಿಯನ್ನು ಕಟುವಾಗಿ ವಿಮರ್ಶಿಸಿತು.

1996ರ ಕಾಯಿದೆಯು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 1985ರ ಮಾದರಿಯನ್ನು ಆಧರಿಸಿ, ತೀರ್ಪಿಗೆ ಡಿಕ್ರಿಯಂತೆಯೇ ಜಾರಿಯಾಗುವ ಬಲವನ್ನು ಕೊಟ್ಟಿತು. ಇದು ಶ್ಲಾಘ್ಯವಾದ ಹೆಜ್ಜೆ. ಆದರೆ ಆ ಮಾದರಿಯು ಅಂತಾರಾಷ್ಟ್ರೀಯ ವಾಣಿಜ್ಯಕ್ಕಾಗಿ ರಚಿತವಾದುದು. ನಮ್ಮಲ್ಲಿ ಅದನ್ನು ದೇಶೀಯ ವ್ಯಾಜ್ಯಗಳಿಗೂ ಅಳವಡಿಸಲಾಯಿತು. ಇಲ್ಲಿ ಎಷ್ಟೋ ವೇಳೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಒಬ್ಬ ಗುತ್ತಿಗೆದಾರ. ಇಲಾಖೆಯ ಅಧಿಕಾರಿಯೇ ಮಧ್ಯಸ್ಥಗಾರನಾಗುವ ಪದ್ಧತಿಗೆ 2015ರ ತಿದ್ದುಪಡಿಯಿಂದ ತಡೆ ಬಂದಿತು. ಸಾರ್ವಜನಿಕ ಗುತ್ತಿಗೆಗಳಲ್ಲಿ ಒಂದು ಪಕ್ಷವೇ ಏಕಪಕ್ಷೀಯವಾಗಿ ಮಧ್ಯಸ್ಥಗಾರನನ್ನು ನೇಮಿಸುವ ಷರತ್ತು ಸಂವಿಧಾನದ 14ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಸಂವಿಧಾನ ಪೀಠವು ಹೇಳಿದುದು 2024ರ ನವೆಂಬರಿನಲ್ಲಿ. ಎಂದರೆ ಕಾಯಿದೆ ಬಂದು 28 ವರ್ಷಗಳಾದ ಮೇಲೆ.

ಈ ನಡುವೆ ಸುಧಾರಕರ ಗಮನವು ಹೆಚ್ಚಾಗಿ ವೇಗದ ಕಡೆಗೆ ಹರಿಯಿತು. 2015ರಲ್ಲಿ 12 ತಿಂಗಳ ಗಡುವನ್ನು ವಿಧಿಸಲಾಯಿತು. ಪಕ್ಷಗಾರರು ಒಪ್ಪಿದರೆ ಇನ್ನು 6 ತಿಂಗಳು. ಅದನ್ನೂ ಮೀರಿದರೆ ಮತ್ತೆ ನ್ಯಾಯಾಲಯದ ಅನುಮತಿ. 2024ರ ಜೂನ್‌ನಲ್ಲಿ ಕೇಂದ್ರದ ಹಣಕಾಸು ಮಂತ್ರಾಲಯವು, ಸರ್ಕಾರಿ ಖರೀದಿಯ ಕರಾರುಗಳಲ್ಲಿ ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಮಿತಗೊಳಿಸಬಹುದೆಂದು ಸೂಚಿಸಿತು. ಮಧ್ಯಸ್ಥಿಕೆಯನ್ನು ಬೆಳೆಸಬೇಕೆಂದು ಶಾಸನ ಮಾಡಿದ ಸರ್ಕಾರವೇ, ಪಕ್ಷಗಾರನ ಸ್ಥಾನದಲ್ಲಿ ನಿಂತಾಗ ಅದರಿಂದ ಹಿಂಜರಿದುದು ವಿಚಾರಾರ್ಹವಾದ ಸಂಗತಿ.

ಸೋತ ಪಕ್ಷವೂ ತಲೆಬಾಗುವಂಥ ತೀರ್ಪಿಗೆ ಗಡುವು ಮಾತ್ರ ಸಾಲದು; ತೀರ್ಪುಗಾರನ ಆಯ್ಕೆಯಲ್ಲಿ ಇಬ್ಬರಿಗೂ ಸಮಾನವಾದ ಕೈಯಿರಬೇಕು. ಕಾನೂನಿನ ಆಧುನಿಕತೆಯನ್ನು ಅಳೆಯಬೇಕಾದುದು ಈ ಅಳತೆಗೋಲಿನಿಂದ. ಪಂಚಾಯಿತಿಯ ಹೆಸರನ್ನು ಪೀಠಿಕೆಗೆ ಎರವಲು ತರುವುದು ಸುಲಭ. ಪಂಚರ ಮೇಲಿದ್ದ ವಿಶ್ವಾಸವನ್ನು ಶಾಸನದ ಕಲಮುಗಳಲ್ಲಿ ಗಳಿಸುವುದೇ ಉಳಿದಿರುವ ಕಾರ್ಯ.