ಕಿತ್ತಳೆ ಮುಳುಗಿದ ಬಿಳಿ ವೈನು

ಕೊಡಗಿನ ಕಕ್ಕಬೆಯಲ್ಲಿ ಸಾಂಗ್ರಿಯಾ ಮಾಡುವವರು ಹಣ್ಣು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಾಫಿ ತೋಟದೊಳಗೇ ಕಿತ್ತಳೆ ಇದೆ, ಬೇಲಿಗೆ ಹಬ್ಬಿದ ಪ್ಯಾಶನ್ ಫ್ರೂಟ್ ಇದೆ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಡಗಿನ ಕಿತ್ತಳೆ ವೈನಿನಲ್ಲಿ ಹಣ್ಣು ನೆನೆಸಿ ಮಾಡುವ ಸ್ಪೇನಿನ ಈ ಪಾನೀಯಕ್ಕೆ ಹೇಳಿ ಮಾಡಿಸಿದಂಥದ್ದು: ಸಿಪ್ಪೆ ಸಲೀಸಾಗಿ ಬಿಡುತ್ತದೆ, ಸಿಹಿಯ ಬೆನ್ನಿಗೇ ಹುಳಿ. ತೊಳೆಯ ಬಿಳಿ ನಾರು, ಬೀಜ ತೆಗೆಯುವ ತಾಳ್ಮೆ ಮಾತ್ರ ಬೇಕು. ಅವು ನೆನೆದಷ್ಟೂ ಕಹಿ ಬಿಡುತ್ತವೆ.

ವೈನು ಹೊರಗಿನದು. ಕೊಡಗಿನ ಅಂಗಡಿಗಳಲ್ಲಿ ಸಿಗುವ ಮನೆ ವೈನು ನನಗೆ ಇಷ್ಟವೇ, ಆದರೆ ಅದರ ಸಿಹಿ ಇಲ್ಲಿ ಹೆಚ್ಚಾಯಿತು. ನಂದಿಬೆಟ್ಟದ ಸುತ್ತಲಿನ ದ್ರಾಕ್ಷಿಯಿಂದಾದ, ಸಿಹಿಯಿಲ್ಲದ ಸೋವಿನ್ಯೋನ್ ಬ್ಲಾಂಕ್ ಒಂದು ಬಾಟಲಿ, ಅಂದರೆ 750 ಮಿಲಿಲೀಟರ್, ಸಾಕು. ಬ್ರಾಂದಿ ಸೇರಿಸುವವರಿದ್ದಾರೆ, ಹಣ್ಣಿನ ಘಮ ಸಾಯುತ್ತದೆ ಅನ್ನುವುದು ನನ್ನ ತಕರಾರು.

ಸಕ್ಕರೆಯ ಬದಲು ಜೇನು. ಕಕ್ಕಬೆಗೆ ಹೆಸರು ಬಂದದ್ದೇ ಜೇನಿನಿಂದಲ್ಲವೇ! ತಣ್ಣಗಿನ ವೈನಿಗೆ ನೇರ ಸುರಿದರೆ ತಳ ಹಿಡಿಯುತ್ತದೆ, ಹಾಗಾಗಿ ಎರಡು ಚಮಚ ಜೇನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿಕೊಳ್ಳಬೇಕು. ಪ್ಯಾಶನ್ ಫ್ರೂಟಿನ ತಿರುಳು ಬೀಜದ ಸಮೇತ ಬೀಳಲಿ. ಸೋಸುವವರಿಗೆ ಹಲ್ಲಿಗೆ ಸಿಗುವ ಆ ಕರಕರ ಗೊತ್ತಿಲ್ಲ. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟರೆ ವೈನು ಹಣ್ಣಿಗಿಳಿದು, ಹಣ್ಣು ವೈನಿಗಿಳಿದಿರುತ್ತದೆ. ಸೋಡಾ ಲೋಟಕ್ಕೆ ಬಗ್ಗಿಸುವಾಗಲಷ್ಟೇ. ಮೊದಲೇ ಬೆರೆಸಿದರೆ ಗುಳ್ಳೆ ಉಳಿಯುವುದಿಲ್ಲ.