ಪರ್ಲ್ ದನಿ, ಯಮಾಹಾ ದನಿ ಎಂಬ ನಂಬಿಕೆ

ಮಾರ್ಚಿಂಗ್ ಡ್ರಮ್ಮುಗಳ ಮಾತು ಬಂದರೆ ಸಾಕು, ತೀರ್ಪು ಸಿದ್ಧವಾಗಿರುತ್ತದೆ. ಯಮಾಹಾ ಸ್ನೇರ್ ಗರಿಗರಿ, ಚುರುಕು. ಪರ್ಲ್ ದನಿ ದಪ್ಪ, ಕೊಂಚ ಗಂಭೀರ. ಬಾಳಿಕೆಯಲ್ಲಿ ಈ ಎರಡರ ಮುಂದೆ ಉಳಿದವು ನಿಲ್ಲುವುದಿಲ್ಲ. ಅಮೆರಿಕದ ಸ್ಪರ್ಧಾ ಬ್ಯಾಂಡ್‌ಗಳಾದ ಡ್ರಮ್ ಕೋರ್‌ಗಳಲ್ಲಿ ಹುಟ್ಟಿದ ಈ ಮಾತು ವರ್ಷಗಳಿಂದ ಬಾಯಿಂದ ಬಾಯಿಗೆ ಹರಿದು, ಹೊಸ ಬ್ಯಾಂಡ್ ಕಟ್ಟಲು ಹೊರಟವರ ಕಿವಿಗೆ ಬೀಳುವಷ್ಟರಲ್ಲಿ ಪ್ರಶ್ನಿಸಬಾರದ ಸತ್ಯವಾಗಿಬಿಟ್ಟಿದೆ. ನನ್ನ ಪ್ರಕಾರ ಇದರಲ್ಲಿ ನಿಜಾಂಶ ಅತಿ ಕಡಿಮೆ. ಇರುವಷ್ಟು ನಿಜವೂ ಜನ ಹುಡುಕುವ ಜಾಗದಲ್ಲಿಲ್ಲ.

ಮೊದಲು ದನಿಯ ವಿಚಾರ. ಇವತ್ತಿನ ಮಾರ್ಚಿಂಗ್ ಸ್ನೇರ್ ಸಾಮಾನ್ಯವಾಗಿ 14 ಇಂಚು ಅಗಲ, 12 ಇಂಚು ಆಳ, ಸುತ್ತ 12 ಬೋಲ್ಟ್. ಪರ್ಲ್, ಯಮಾಹಾ, ಡೈನಸ್ಟಿ, ಮೇಪೆಕ್ಸ್, ಯಾರದೇ ಆಗಲಿ, ಅಳತೆ ಹೆಚ್ಚು ಕಡಿಮೆ ಇದೇ. ಕೋಲು ಬೀಳುವ ಹೆಡ್ ಕೆವ್ಲಾರ್‌ನಂಥ ನೂಲಿನ ನೇಯ್ಗೆಯದು. ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ, ಗುಂಡು ತಡೆಯುವ ಅಂಗಿಗಳಿಗೆ ಬಳಸುವ ನಾರು ಅದು. ಈ ಹೆಡ್‌ಗಳನ್ನು ತಯಾರಿಸುವವರು ಡ್ರಮ್ ಕಂಪನಿಗಳಲ್ಲ, ರೆಮೊ, ಇವಾನ್ಸ್‌ನಂಥ ಹೆಡ್ ಕಂಪನಿಗಳು. ಅಂದರೆ ಯಾವ ಜಾಗದಲ್ಲಿ ದನಿ ಹುಟ್ಟುತ್ತದೋ ಆ ಜಾಗದಲ್ಲಿ ಪರ್ಲ್‌ಗೂ ಯಮಾಹಾಗೂ ಇರುವುದು ಒಂದೇ ಮೂರನೆಯವರ ಸರಕು.

ಈ ನಾರಿನ ಹೆಡ್ಡನ್ನು ಅತಿಯಾಗಿ ಬಿಗಿಯುತ್ತಾರೆ. ಅಷ್ಟು ಬಿಗಿದ ಹೆಡ್ಡಿಗೆ ಪೆಟ್ಟು ಬಿದ್ದಾಗ ಅದು ಹೆಚ್ಚು ಹೊತ್ತು ಕಂಪಿಸುವುದಿಲ್ಲ. ಪೆಟ್ಟಿನ ಮೊನೆ ಕೇಳುತ್ತದೆ, ಕೆಳಗಿನ ಸ್ನೇರ್ ತಂತಿಗಳ ಸದ್ದು ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಡ್ರಮ್ಮಿನ ಮೈಯ ಮರ ಮಾತಾಡಲು ಅವಕಾಶವೇ ಕಡಿಮೆ. ಕೋಣೆಯಲ್ಲಿ ನುಡಿಸುವ ಡ್ರಮ್ ಸೆಟ್ಟಿನಲ್ಲಿ ಮೇಪಲ್, ಬರ್ಚ್ ಎಂದು ಚರ್ಚಿಸುವುದರಲ್ಲಿ ಅರ್ಥವಿದೆ. ಮೈದಾನದ ಆಚೆ ಗ್ಯಾಲರಿಯಲ್ಲಿ ಕೂತು, ಹತ್ತಾರು ಹಿತ್ತಾಳೆ ವಾದ್ಯಗಳ ನಡುವೆ ಆ ವ್ಯತ್ಯಾಸ ಕೇಳಿಸಿತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಹಾಗಾದರೆ ಎರಡು ಕೋರ್‌ಗಳ ಸ್ನೇರ್ ಸಾಲು ಬೇರೆ ಬೇರೆಯಾಗಿ ಕೇಳುತ್ತದಲ್ಲ? ಕೇಳುತ್ತದೆ, ಖಂಡಿತ. ಅಭ್ಯಾಸಕ್ಕೆ ಮುಂಚೆ ಶ್ರುತಿ ಮಾಡುವವನ ಕೈಯನ್ನು ಹತ್ತಿರದಿಂದ ನೋಡಬೇಕು. ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳಲ್ಲಿ ಮೊದಲನೆಯದರ ಬಳಿ ಕೂರುತ್ತಾನೆ. ರಿಮ್ಮಿನಿಂದ ಎರಡು ಬೆರಳು ಒಳಗೆ, ಒಂದೊಂದೇ ಬೋಲ್ಟಿನ ಎದುರು ಕೋಲಿನ ತುದಿಯಿಂದ ತಟ್ಟುತ್ತಾನೆ. ಒಂದು ಕಡೆ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೆ ಕೀಲಿಯನ್ನು ಕಾಲು ಸುತ್ತು ತಿರುಗಿಸಿ ಎದುರಿನ ಬೋಲ್ಟಿಗೆ ಹೋಗುತ್ತಾನೆ. ಹನ್ನೆರಡೂ ಒಂದಾದ ಮೇಲೆ ಡ್ರಮ್ ಮಗುಚಿ, ಕೆಳಗಿನ ಹೆಡ್ಡನ್ನು ಮೇಲಿನದಕ್ಕಿಂತ ತುಸು ಎತ್ತರದ ಶ್ರುತಿಗೆ ತರುತ್ತಾನೆ. ಆಮೇಲೆ ಸ್ನೇರ್ ತಂತಿಗಳನ್ನು ಒಂದೊಂದಾಗಿ ಮೀಟಿ ಸರಿಮಾಡುತ್ತಾನೆ. ಇಷ್ಟಾದ ಮೇಲೆ ಎರಡನೆಯ ಡ್ರಮ್. ಎಷ್ಟು ಬಿಗಿಯಬೇಕು, ತಂತಿ ಎಷ್ಟು ಒತ್ತಬೇಕು ಎಂಬುದು ಆ ತಂಡದ ಗುರುವಿನ ರುಚಿ. ಕೋಲಿನ ತೂಕ, ಎತ್ತುವ ಎತ್ತರ, ಮಣಿಕಟ್ಟಿನ ಪಳಗಿಕೆ ಇದಕ್ಕೆ ಸೇರುತ್ತವೆ. ನಾವು ‘ಯಮಾಹಾ ದನಿ’ ಎಂದು ಹೊಗಳುವುದು ಈ ಮನುಷ್ಯರ ಕಿವಿಯನ್ನು, ಅವರ ದುಡಿಮೆಯನ್ನು. ಅದರ ಹೆಸರು ಕಂಪನಿಗೆ ಹೋಗುತ್ತಿದೆ ಎಂಬುದು ನನಗೆ ಬೇಸರದ ವಿಷಯ. ಯಕ್ಷಗಾನದ ಚೌಕಿಯಲ್ಲಿ ಮದ್ದಳೆಯ ದನಿ ಮೆಚ್ಚಿದವರು ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಯಾರು ಹಾಕಿದರು, ನುಡಿಸಿದವರು ಯಾರು ಎಂದು ಕೇಳುತ್ತಾರೆ. ಅಲ್ಲಿರುವ ಈ ವಿವೇಕ ಇಲ್ಲೂ ಇರಬೇಕಿತ್ತು.

ಒಂದು ಕಡೆ ಮಾತ್ರ ಬ್ರ್ಯಾಂಡ್ ವಾದಿಗಳಿಗೆ ನಾನು ಜಾಗ ಬಿಡುತ್ತೇನೆ. ಟೆನರ್ ಡ್ರಮ್ಮುಗಳಿಗೆ, ಅಂದರೆ 10, 12, 13, 14 ಇಂಚಿನ ನಾಲ್ಕರ ಜೊತೆ ಒಂದೋ ಎರಡೋ ಚಿಕ್ಕವನ್ನು ಕಟ್ಟಿ ಎದೆಯ ಮುಂದೆ ಹೊರುವ ಆ ಗೊಂಚಲಿಗೆ, ಕೆಳಗಿನ ಹೆಡ್ ಇರುವುದಿಲ್ಲ. ಶೆಲ್ಲಿನ, ಅಂದರೆ ಡ್ರಮ್ಮಿನ ಮೈಯ, ಆಳ, ಅದನ್ನು ಓರೆಯಾಗಿ ಕತ್ತರಿಸಿದ ರೀತಿ, ದಪ್ಪ, ಇವೆಲ್ಲ ಅಲ್ಲಿ ಕಿವಿಗೆ ಬೀಳುತ್ತವೆ. ಬಾಸ್ ಡ್ರಮ್ಮಿನಲ್ಲಿ ಮತ್ತೆ ಬ್ರ್ಯಾಂಡ್ ಹಿಂದೆ ಸರಿಯುತ್ತದೆ. ಹೆಡ್ಡಿನ ಅಂಚಿಗೆ ಎಷ್ಟು ಫೋಮ್ ಅಂಟಿಸಿದ್ದಾರೆ, ಬಡಿಗೆಯ ತಲೆ ಎಷ್ಟು ಗಟ್ಟಿ ಎಂಬುದೇ ದೊಡ್ಡ ವಿಷಯ.

ಇನ್ನು ಬಾಳಿಕೆ. ‘ಚಾಂಪಿಯನ್ ಕೋರ್ ಇದನ್ನೇ ಬಳಸುತ್ತದೆ, ಆದ್ದರಿಂದ ಗಟ್ಟಿ’ ಎಂಬ ತರ್ಕ ನನ್ನನ್ನು ಹೆಚ್ಚು ಕಾಡುತ್ತದೆ. ಈ ಕೋರ್‌ಗಳ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ಮೊದಲ ಚಾಂಪಿಯನ್‌ಷಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ. 2009ರಿಂದ ಅಂತಿಮ ಸ್ಪರ್ಧೆಯ ನೆಲೆ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂ. ಅಲ್ಲಿ ಹೊಳೆಯುವ ಡ್ರಮ್ಮುಗಳಲ್ಲಿ ಬಹುಪಾಲು ಕಂಪನಿಗಳ ಜೊತೆಗಿನ ಒಪ್ಪಂದದ ಮೇಲೆ ಬಂದವು. ಬೇಸಿಗೆಯ ಸೀಸನ್ ಮುಗಿಯುತ್ತಿದ್ದಂತೆ ಅವನ್ನು ಕಡಿಮೆ ಬೆಲೆಗೆ ಮಾರುವ ವಾಡಿಕೆ ಇದೆ, ಮುಂದಿನ ವರ್ಷಕ್ಕೆ ಹೊಸ ಸೆಟ್ ಬರುತ್ತದೆ. ಆ ಒಂದು ಬೇಸಿಗೆಯಲ್ಲಿ ಡ್ರಮ್ ಬಿಸಿಲು, ಮಳೆ, ಲಾರಿ ಪ್ರಯಾಣ ಎಲ್ಲವನ್ನೂ ಕಾಣುತ್ತದೆ, ನಿಜ. ಆದರೆ ದಿನವೂ ಅದರ ಪಕ್ಕದಲ್ಲಿ ರಿಪೇರಿ ಬಲ್ಲವರಿರುತ್ತಾರೆ, ಬೇಕಾದ ಬಿಡಿಭಾಗ ಪೆಟ್ಟಿಗೆಯಲ್ಲಿರುತ್ತದೆ. ಹತ್ತು ವರ್ಷ ಒಂದೇ ಸೆಟ್ಟಿನಲ್ಲಿ ಕಳೆಯಬೇಕಾದ ಶಾಲೆಗೆ ಈ ಸಾಕ್ಷಿಯಿಂದ ಏನು ಪ್ರಯೋಜನ?

ಡ್ರಮ್ ಎಲ್ಲಿ ಕೆಡುತ್ತದೆ ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೈಲಾರ್ ಪ್ಲಾಸ್ಟಿಕ್ ಹೆಡ್‌ಗಳ ಕಾಲದಲ್ಲಿ ಅತಿಯಾಗಿ ಬಿಗಿದರೆ ಹರಿಯುತ್ತಿದ್ದದ್ದು ಹೆಡ್. 1980ರ ದಶಕದಲ್ಲಿ ಕೆವ್ಲಾರ್ ಬಂದ ಮೇಲೆ ಹೆಡ್ ಹರಿಯುವುದು ನಿಂತು, ಸೆಳೆತವೆಲ್ಲ ಡ್ರಮ್ಮಿನ ಮೈಮೇಲೆ ಬಿತ್ತು. ರಿಮ್ ಬಾಗಿತು, ಬೋಲ್ಟ್ ಹಿಡಿಯುವ ಲಗ್ ಕಿತ್ತು ಬಂತು, ಮರ ಸೊಟ್ಟಗಾಯಿತು. ಸೆಳೆತವನ್ನು ಲೋಹದ ಚೌಕಟ್ಟು ಹೊತ್ತು, ಮರದ ಶೆಲ್ ಅದರೊಳಗೆ ಸುಮ್ಮನೆ ಕೂರುವ ಫ್ರೀ ಫ್ಲೋಟಿಂಗ್ ವಿನ್ಯಾಸಕ್ಕೆ ಬೆಲೆ ಬಂದದ್ದು ಈ ಒತ್ತಡದಿಂದ. ಪರ್ಲ್‌ನ ಎಫ್‌ಎಫ್‌ಎಕ್ಸ್ ಈ ಜಾತಿಯದು. ಅದರ ಶೆಲ್ಲಿಗೆ ಲಗ್ಗಿನ ತೂತುಗಳೇ ಇಲ್ಲ. ಬ್ರ್ಯಾಂಡ್ ಹೋಲಿಸುವವರು ಹೋಲಿಸಬೇಕಾದ್ದು ಇದನ್ನು: ಸೆಳೆತ ಯಾವ ಭಾಗದ ಮೇಲೆ ಬೀಳುತ್ತದೆ, ಆ ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದೇ? ಲ್ಯಾಕರ್ ಬಣ್ಣವನ್ನೂ ಮರದ ಪದರಗಳ ಲೆಕ್ಕವನ್ನೂ ಆಮೇಲೆ ನೋಡಬಹುದು.

ಎಂಥ ಒಳ್ಳೆಯ ವಿನ್ಯಾಸವನ್ನೂ ಕೊಲ್ಲುವುದು ಒಂದು ಚಿಕ್ಕ ಜಾಗ. ಬೋಲ್ಟ್ ಕಚ್ಚುವ ನಟ್ಟಿನ ಒಳಗಿನ ಮರೆ, ಅಂದರೆ ಥ್ರೆಡ್. ಧೂಳು ಸೇರಿ, ಗ್ರೀಸ್ ಒಣಗಿ, ಬೋಲ್ಟ್ ಓರೆಯಾಗಿ ಕೂತಿರುತ್ತದೆ. ತಿರುಗದಿದ್ದಾಗ ಉದ್ದ ಹಿಡಿಯ ಕೀಲಿ ಹಾಕಿ ಬಲವಂತ ಮಾಡುತ್ತಾರೆ. ಬಿಚ್ಚಿ ನೋಡಿದರೆ ಬೋಲ್ಟಿನ ತುದಿಗೆ ಹಿತ್ತಾಳೆಯ ಸಣ್ಣ ಸುರುಳಿ ಅಂಟಿಕೊಂಡಿರುತ್ತದೆ. ಮರೆ ತಿಂದುಹೋಯಿತು ಎಂದು ಅರ್ಥ. ಹನ್ನೆರಡರಲ್ಲಿ ಒಂದು ಸೋತರೆ ಅದರ ಭಾರ ಅಕ್ಕಪಕ್ಕದ ಎರಡರ ಮೇಲೆ, ರಿಮ್ ಅಲ್ಲಿಂದ ಬಾಗಲು ಶುರು. ದುಬಾರಿ ಬ್ರ್ಯಾಂಡಿಗೂ ಅಗ್ಗದ್ದಕ್ಕೂ ಈ ಸಾವು ಸಮಾನ. ತಡೆಯಲು ಬೇಕಾದ್ದು ಕಾಲಕಾಲಕ್ಕೆ ಬಿಚ್ಚಿ ಒರೆಸಿ ಒಂದು ತೊಟ್ಟು ಗ್ರೀಸ್ ಹಚ್ಚುವ ಕೈ.

ನಮ್ಮ ಶಾಲಾ ಬ್ಯಾಂಡ್‌ಗಳ ಸ್ಥಿತಿ ಬೇರೆ. ಇಲ್ಲಿನ ಸೈಡ್ ಡ್ರಮ್ಮುಗಳು ಹೆಚ್ಚಾಗಿ ಮೀರತ್‌ ಕಡೆಯಿಂದ ಬರುವಂಥವು. ಅಲ್ಲಿನ ಜಾಲಿ ಕೋಠಿ ಬ್ಯಾಂಡ್ ವಾದ್ಯಗಳಿಗೇ ಹೆಸರಾದ ಜಾಗ. ತೆಳು ಲೋಹದ ಮೈ, ಪ್ಲಾಸ್ಟಿಕ್ ಹೆಡ್. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಮಕ್ಕಳ ಹೆಜ್ಜೆ ಹಿಡಿದಿಡಲು ಅವು ಧಾರಾಳ ಸಾಕು. ವಿಡಿಯೊ ನೋಡಿ ಆ ಅಮೆರಿಕದ ದನಿ ಬೇಕೆಂದು ಇಂಥ ಡ್ರಮ್ಮಿಗೆ ಕೆವ್ಲಾರ್ ಹೆಡ್ ಹಾಕಿ ಬಿಗಿಯುವುದು ದೊಡ್ಡ ಅನ್ಯಾಯ. ಹೆಡ್ ಉಳಿಯುತ್ತದೆ, ಡ್ರಮ್ ಮುದುಡುತ್ತದೆ. ಇನ್ನು 7 ಕೆ.ಜಿ. ಆಸುಪಾಸಿನ ಹೈ-ಟೆನ್ಷನ್ ಸ್ನೇರ್ ಹೈಸ್ಕೂಲು ಮಕ್ಕಳ ಹೆಗಲಿಗೆ ಏನು ಮಾಡುತ್ತದೆ, ಅಷ್ಟು ಗಟ್ಟಿ ಮೇಲ್ಮೈ ಬಡಿಯುವ ಎಳೆಯ ಮಣಿಕಟ್ಟಿಗೆ ಏನಾಗುತ್ತದೆ ಎಂದು ಆಡಳಿತ ಮಂಡಳಿಗಳು ಬೆಲೆಪಟ್ಟಿ ನೋಡುವ ಮೊದಲೇ ಯೋಚಿಸಬೇಕು.

ಆದರೂ ಆಮದು ಡ್ರಮ್ ಬೇಕೇ ಬೇಕು ಎನ್ನುವ ಶಾಲೆ ಕೊಟೇಶನ್ ಕೇಳುವಾಗ ಮಾದರಿಯ ಹೆಸರಿನ ಕೆಳಗೆ ಇಷ್ಟನ್ನು ಬರೆಯಿಸಲಿ: ಪ್ರತಿ ಸ್ನೇರ್‌ಗೆ ಮೇಲು-ಕೆಳಗಿನ ಹೆಡ್ ಒಂದು ಜೊತೆ ಹೆಚ್ಚಿಗೆ, ಒಂದು ಡಜನ್ ಬೋಲ್ಟ್ ಮತ್ತು ನಟ್ಟು, ಒಂದು ರಿಮ್, ಮಕ್ಕಳ ಎತ್ತರಕ್ಕೆ ಹೊಂದಿಸಬಹುದಾದ ಕ್ಯಾರಿಯರ್, ಜೊತೆಗೆ ಈ ಬಿಡಿಭಾಗಗಳು ಮುಂದೆ ಎಷ್ಟು ದಿನದಲ್ಲಿ ಸಿಗುತ್ತವೆ ಎಂಬ ಲಿಖಿತ ಮಾತು. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಾದರೆ ಬೋಲ್ಟ್ ಎರಡು ಡಜನ್ ಇರಲಿ. ಇದಕ್ಕೆ ಒಪ್ಪುವ ಮಾರಾಟಗಾರ ಯಾವ ಬ್ರ್ಯಾಂಡ್ ತಂದರೂ ಕೊಳ್ಳಬಹುದು.